ಡಿಸ್ಕ್ ತುಂಬಿತು ಅಂತ ಹಳೇದನ್ನು ಅಳಿಸಬೇಡಿ

ಕೊಡಗಿನಲ್ಲಿ ಕಾಫಿ ತೋಟದವರು ಮಳೆಯನ್ನು ಇಂಚು, ಸೆಂಟ್‌ನಲ್ಲಿ ಲೆಕ್ಕ ಹಾಕುತ್ತಾರೆ. ನೂರು ಸೆಂಟ್ ಅಂದರೆ ಒಂದು ಇಂಚು. ಶಾಂತಳ್ಳಿ ಕಡೆಯ ನಮ್ಮ ತೋಟದಲ್ಲಿ ಅಪ್ಪ 1974ರಿಂದ ದಿನಾ ಬೆಳಿಗ್ಗೆ ರೈನ್ ಗೇಜ್ ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಅವರು ಹೋದ ಮೇಲೆ ನಾನು ಬರೆಯುತ್ತಿದ್ದೇನೆ. ಎರಡು ಮಳೆಗಾಲ ಕೂತು ಅದನ್ನೆಲ್ಲ ಎಕ್ಸೆಲ್‌ಗೆ ಹಾಕಿದ್ದೆ. ಹದಿನೆಂಟು ಸಾವಿರಕ್ಕೂ ಜಾಸ್ತಿ ಸಾಲು.

ಹೋದ ತಿಂಗಳು ಫೈಲ್ ತೆರೆದರೆ 1974ರ ಜನವರಿ 1ಕ್ಕೆ 9 ಇಂಚು 40 ಸೆಂಟ್ ಮಳೆ ಅಂತಿದೆ. ಮರುದಿನಕ್ಕೆ ಅದಕ್ಕಿಂತ ಸ್ವಲ್ಪ ಕಡಿಮೆ. ಕೆಳಗೆ ಹೋದ ಹಾಗೆ ಕಡಿಮೆಯಾಗುತ್ತಾ ಬಂದು ಕೊನೆಗೆ ಬರೀ ಸೊನ್ನೆ. 2018ರ ಆಗಸ್ಟ್ ತಿಂಗಳು ಪೂರ್ತಿ ಸೊನ್ನೆ! ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದಲ್ಲಿ ಗುಡ್ಡಗಳೇ ಇಳಿದು ಬಂದ ತಿಂಗಳು ಅದು. ಕೈ ತಣ್ಣಗಾಯಿತು.

ಆಗಿದ್ದು ಇಷ್ಟೇ. ಯಾವತ್ತೋ ಅತಿ ಹೆಚ್ಚು ಮಳೆ ಬಂದ ದಿನ ಯಾವುದು ಅಂತ ನೋಡಲು ಮಳೆಯ ಕಾಲಂ ಒಂದನ್ನೇ ದೊಡ್ಡದರಿಂದ ಚಿಕ್ಕದಕ್ಕೆ ಸಾರ್ಟ್ ಮಾಡಿ, ಹಾಗೇ ಸೇವ್ ಮಾಡಿಬಿಟ್ಟಿದ್ದೆ. ತಾರೀಕುಗಳು ನಿಂತಲ್ಲೇ ನಿಂತವು, ಮಳೆ ಮಾತ್ರ ಜಾಗ ಬದಲಿಸಿತು. ಪರವಾಗಿಲ್ಲ, ಬ್ಯಾಕಪ್ ಇದೆಯಲ್ಲ ಅಂದುಕೊಂಡೆ. ಇರಲಿಲ್ಲ.

ಒಂದು ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ನಮ್ಮದು. ವಿಂಡೋಸ್‌ನ ಫೈಲ್ ಹಿಸ್ಟರಿ ಅದಕ್ಕೆ ಗಂಟೆಗೊಮ್ಮೆ ಬ್ಯಾಕಪ್ ಮಾಡುತ್ತಿತ್ತು. ಬದಲಾದ ಫೈಲನ್ನು ಮಾತ್ರ ಅದು ಕಾಪಿ ಮಾಡುತ್ತದೆ, ಹೆಸರಿನ ಕೊನೆಗೆ ತಾರೀಕು, ಹೊತ್ತು ಸೇರಿಸಿಡುತ್ತದೆ. ಮಾರ್ಚ್‌ನಲ್ಲಿ ಡಿಸ್ಕ್ ತುಂಬಿತು ಅಂತ ಬಂತು. ಅಣ್ಣನ ಮಗ ಮನೆಗೆ ಬಂದಿದ್ದ, ನೋಡು ಅಂತ ಕೊಟ್ಟೆ.

“ಚಿಕ್ಕಪ್ಪ, ಒಂದೇ ಫೈಲ್ ಹತ್ತತ್ತು ಸಲ ಇದೆ. ಹಳೇದೆಲ್ಲ ತೆಗೀಲಾ?”

“ತೆಗಿ” ಅಂದೆ. ಅವನು ತೆಗೆದ. ಅಳಿಸಿದ್ದು ಅದೇ ಡಿಸ್ಕಿನ ರೀಸೈಕಲ್ ಬಿನ್‌ನಲ್ಲಿ ಕೂತು ಜಾಗ ಬಿಡೋದಿಲ್ಲ ಅಂತ ಅವನಿಗೆ ಗೊತ್ತಿತ್ತು, ಅದನ್ನೂ ಖಾಲಿ ಮಾಡಿದ. ಉಳಿದದ್ದು ನಾನು ಸಾರ್ಟ್ ಮಾಡಿ ಕೆಡಿಸಿದ ಕಾಪಿ ಮಾತ್ರ. ಹುಡುಗನದ್ದು ಏನೂ ತಪ್ಪಿಲ್ಲ, ಹೇಳಿದವನು ನಾನು.

ಹೊಟ್ಟೆ ಉರಿಯೋದು ಇಲ್ಲಿ. ಆ ಎಕ್ಸೆಲ್ ಫೈಲ್ ಎರಡು ಎಂಬಿಯೂ ಇಲ್ಲ. ನೂರು ಹಳೆಯ ಕಾಪಿ ಇಟ್ಟರೂ 200 ಎಂಬಿ ಆಗೋದಿಲ್ಲ. ಡಿಸ್ಕ್ ತಿಂದಿದ್ದು ಬೇರೆ. ಫೋನಿನಲ್ಲಿ ತೆಗೆದ 4ಕೆ ವಿಡಿಯೋ ನಿಮಿಷಕ್ಕೆ 350 ಎಂಬಿ ಹತ್ತಿರ ಬರುತ್ತದೆ. ಮದುವೆ ಮನೆಯ ಅರ್ಧ ಗಂಟೆ ವಿಡಿಯೋ ಅಂದರೆ 10 ಜಿಬಿ. ಆ ಫೋಲ್ಡರಿಗೆ ನಾನು ಎರಡು ಸಲ ಹೆಸರು ಬದಲಿಸಿದ್ದೆ. ಫೈಲ್ ಹಿಸ್ಟರಿ ಅದನ್ನು ಹೊಸ ಫೋಲ್ಡರ್ ಅಂತಲೇ ತಿಳಿದು ಪ್ರತಿ ಸಲವೂ ಪೂರ್ತಿ ಕಾಪಿ ಮಾಡಿದೆ. ಡೌನ್‌ಲೋಡ್ಸ್ ಫೋಲ್ಡರಿನ ಕಸವೂ ಅಷ್ಟೇ, ಸುಮ್ನೆ ಬಂದು ಕೂತಿದೆ. ಅಪ್ಪನ ಪುಸ್ತಕದ ಹಾಳೆಗಳನ್ನು ಸ್ಕ್ಯಾನ್ ಮಾಡಿದ್ದೂ ಹಾಗೇ. ಎ4 ಹಾಳೆಯನ್ನು 600 ಡಿಪಿಐನಲ್ಲಿ (ಒಂದು ಇಂಚಿಗೆ 600 ಚುಕ್ಕೆ) ಬಣ್ಣದಲ್ಲಿ, ಕುಗ್ಗಿಸದ ಟಿಫ್ ಚಿತ್ರ ಮಾಡಿದರೆ ಒಂದೊಂದು ಹಾಳೆಯೂ 100 ಎಂಬಿ ದಾಟುತ್ತದೆ. ಅದೇ ಹಾಳೆ 300 ಡಿಪಿಐನಲ್ಲಿ 26 ಎಂಬಿ. ಪೆನ್ನಿನಲ್ಲಿ ಬರೆದ ಅಂಕಿ ಓದಲು ಅಷ್ಟು ಧಾರಾಳ ಸಾಕು.

ಅದಕ್ಕೇ ಹೇಳುತ್ತಿದ್ದೇನೆ. ಡಿಸ್ಕ್ ತುಂಬಿದಾಗ ಹಳೆಯ ಕಾಪಿಗೆ ಕೈ ಹಾಕಬೇಡಿ. ಬ್ಯಾಕಪ್ ಅಂತ ಇಟ್ಟಿರೋದೇ ಆ ಹಳೆಯ ಕಾಪಿಗೋಸ್ಕರ ಅಲ್ವಾ? ತಪ್ಪಾಗಿದೆ ಅಂತ ನಮಗೆ ಗೊತ್ತಾಗೋದು ತಿಂಗಳುಗಟ್ಟಲೆ ಆದ ಮೇಲೆ. ಮೊದಲು ದೊಡ್ಡದು ಯಾವುದು ಅಂತ ಹುಡುಕಿ. ವಿಡಿಯೋ, ಡೌನ್‌ಲೋಡ್ಸ್ ಫೋಲ್ಡರ್‌ಗಳನ್ನು ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್‌ನಿಂದ ಹೊರಗಿಡಿ. ವಿಡಿಯೋಗಳನ್ನು ಬೇರೆ ಎರಡು ಡಿಸ್ಕ್‌ಗಳಿಗೆ ನೀವೇ ಕಾಪಿ ಮಾಡಿಡಿ. ಹಳೇದನ್ನು ತೆಗೆಯಲೇಬೇಕು ಅಂದರೆ ಫೈಲ್ ಹಿಸ್ಟರಿಯಲ್ಲೇ ಒಂದು ವರ್ಷಕ್ಕಿಂತ ಹಿಂದಿನದನ್ನು ಮಾತ್ರ ತೆಗೆಯುವ ದಾರಿ ಇದೆ, ಪ್ರತಿ ಫೈಲಿನ ಕೊನೆಯ ಕಾಪಿಯನ್ನು ಅದು ಮುಟ್ಟೋದಿಲ್ಲ. ಮ್ಯಾಕ್ ಇರುವವರ ಟೈಮ್ ಮಷೀನ್ ಅನ್ನೋ ಬ್ಯಾಕಪ್, ಡಿಸ್ಕ್ ತುಂಬಿದ ಮೇಲೆ ತಾನಾಗಿಯೇ ತೀರಾ ಹಳೇದನ್ನು ಅಳಿಸುತ್ತಾ ಹೋಗುತ್ತದೆ, ನೆನಪಿರಲಿ. ಅದಕ್ಕೇ ಕಂಪ್ಯೂಟರ್‌ಗಿಂತ ಎರಡು ಪಟ್ಟು ಜಾಗ ಇರುವ ಡಿಸ್ಕ್ ತಗೊಳ್ಳಿ. ಒಂದು ಟಿಬಿ ಅಂತ ಕೊಟ್ಟಿದ್ದು ವಿಂಡೋಸ್‌ನಲ್ಲಿ 931 ಜಿಬಿ ಅಂತಲೇ ತೋರಿಸುತ್ತದೆ. ಅಂಗಡಿಯವರ ಮೋಸ ಅಲ್ಲ, ಎಣಿಸುವ ಲೆಕ್ಕ ಬೇರೆ.

ಇನ್ನೊಂದು, ನಮ್ಮೂರಿನವರಿಗೇ ಹೇಳಬೇಕಾದ ಮಾತು. ಕಂಪ್ಯೂಟರ್ ಪಕ್ಕದಲ್ಲೇ ಡಿಸ್ಕ್ ಇಟ್ಟರೆ ಸಾಲದು. 2018ರಲ್ಲಿ ಉಟ್ಟ ಬಟ್ಟೆಯಲ್ಲಿ ಹೊರಗೆ ಬಂದವರನ್ನು ನಾವು ನೋಡಿದ್ದೇವೆ. ಮೂರು ಕಾಪಿ, ಎರಡು ಬಗೆಯ ಜಾಗ, ಒಂದು ಮನೆಯಿಂದ ಹೊರಗೆ ಅನ್ನೋ ನಿಯಮ ಯಾರೋ ಪೇಟೆಯವರಿಗೆ ಅಂತ ಮಾಡಿದ್ದಲ್ಲ, ನಮಗೇ ಹೇಳಿ ಮಾಡಿಸಿದ ಹಾಗಿದೆ. ಎರಡು ಡಿಸ್ಕ್ ತಂದಿದ್ದೇನೆ. ಒಂದು ಮೈಸೂರಿನಲ್ಲಿ ಅಕ್ಕನ ಬೀರುವಿನಲ್ಲಿ. ಮುಂಗಾರಿಗೆ ಮುಂಚೆ ಒಂದು ಸಲ, ಗೌರಿ ಹಬ್ಬಕ್ಕೆ ಅವಳು ಬಂದಾಗ ಒಂದು ಸಲ ಅದಲು ಬದಲು. ಇಲ್ಲಿರುವುದು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿದೆ. ಕರೆಂಟ್ ಹೋಗಿ ಬಂದು ಮಾಡುವ ದಿನ ಅದನ್ನು ಸಿಕ್ಕಿಸುವುದೇ ಇಲ್ಲ.

ಈಗ ರಾತ್ರಿ ಊಟ ಆದ ಮೇಲೆ ಅಪ್ಪನ ಪುಸ್ತಕ ತೆಗೆದು ಮತ್ತೆ ಟೈಪ್ ಮಾಡುತ್ತಿದ್ದೇನೆ. 1981ಕ್ಕೆ ಬಂದಿದ್ದೇನೆ. 1993ರ ಪುಸ್ತಕವನ್ನು ಸ್ಕ್ಯಾನ್ ಮಾಡುವ ಮೊದಲೇ ಗೆದ್ದಲು ತಿಂದಿತ್ತು. ಆ ವರ್ಷ ಬಿದ್ದ ಪ್ರತಿ ಸೆಂಟ್ ಮಳೆಯೂ ಕೆಟ್ಟ ಫೈಲಿನಲ್ಲಿ ಎಲ್ಲೋ ಇದೆ. ಯಾವ ದಿನದ್ದು ಅಂತ ಮಾತ್ರ ಇನ್ನು ಗೊತ್ತಾಗುವುದಿಲ್ಲ.