ಹುಟ್ಟು ಮಜ್ಜಿಗೆ

ಇವತ್ತು ಊಟವಾದಾಗಿನಿಂದ ನಾನು ಮನೆಯಲ್ಲಿ ಯಾರೊಂದಿಗೂ ಮಾತನಾಡಿಲ್ಲ. ಶ್ರಾವಣವಲ್ಲವೇ, ಸೊಸೆ ಮೌನವ್ರತ ಹಿಡಿದಿದ್ದಾಳೆ ಎಂದುಕೊಂಡು ಅತ್ತೆ ಸಂತೋಷದಲ್ಲಿದ್ದಾರೆ. ವ್ರತವಲ್ಲ ಅದು, ಸಿಟ್ಟು. ಸಿಂಕಿನಲ್ಲಿ ಎರಡು ಪಾತ್ರೆ, ಒಂದು ಕಡಗೋಲು, ಒಂದು ಮಿಕ್ಸಿ ಜಾರು, ಒಂದು ಟೀ ಸೋಸುವ ಜಾಲರಿ ಬಿದ್ದಿವೆ. ಇಷ್ಟೂ ನಮ್ಮ ಯಜಮಾನರು ಒಂದು ಬಟ್ಟಲು ಮೊಸರನ್ನು ಮೊಸರಲ್ಲ ಎಂದು ಸಾಬೀತು ಮಾಡಲು ಬಳಸಿದ ಸಲಕರಣೆಗಳು.

ಚಾತುರ್ಮಾಸ್ಯ ಹಿಡಿಯುವ ಮನೆಯವರಿಗೆ ಲೆಕ್ಕ ಬಾಯಿಪಾಠ. ಆಷಾಢ ಶುದ್ಧ ಏಕಾದಶಿಯಿಂದ ಒಂದು ತಿಂಗಳು ತರಕಾರಿ ಇಲ್ಲ, ಶ್ರಾವಣ ಶುದ್ಧ ಏಕಾದಶಿಯಿಂದ ಮೊಸರಿಲ್ಲ, ಮುಂದಿನ ತಿಂಗಳು ಹಾಲಿಲ್ಲ, ಕೊನೆಯ ತಿಂಗಳು ಬೇಳೆಕಾಳಿಲ್ಲ. ಇಷ್ಟು ವರ್ಷ ಇದನ್ನೆಲ್ಲ ಅತ್ತೆಯೊಬ್ಬರೇ ಸದ್ದಿಲ್ಲದೆ ಮಾಡಿಕೊಂಡು ಬಂದಿದ್ದರು. ಯಜಮಾನರು ಕಚೇರಿಯ ಕ್ಯಾಂಟೀನಿನಲ್ಲಿ ಶ್ರಾವಣವೋ ಕಾರ್ತಿಕವೋ ನೋಡದೆ ಈರುಳ್ಳಿ ದೋಸೆ ತಿಂದುಕೊಂಡಿದ್ದವರು. ಈ ಮೇ ತಿಂಗಳಲ್ಲಿ ನಿವೃತ್ತರಾದರು. ನೋಡಿಕೊಳ್ಳಲು ಕಡತಗಳಿಲ್ಲ. "ಈ ವರ್ಷ ನಾನೂ ಹಿಡಿಯುತ್ತೇನೆ" ಎಂದು ದೇವರ ಮುಂದೆ ನೀರು ಬಿಟ್ಟೇಬಿಟ್ಟರು. ಆ 'ನಾನೂ' ಎಂಬುದರೊಳಗೆ ನಾನೂ ಇದ್ದೇನೆ ಎಂಬುದು ನನಗೆ ತಿಳಿದದ್ದು ಆಮೇಲೆ.

ಶಾಕವ್ರತ ಸಲೀಸಾಗಿ ಕಳೆಯಿತು. ಮೆಣಸಿನಕಾಯಿ, ಹುಣಸೆಹಣ್ಣು ಇಲ್ಲದೆ ಹೆಸರುಬೇಳೆ, ಕಾಳುಮೆಣಸು, ಒಣಗಿದ ಮಾವಿನಕಾಯಿ ಹಾಕಿ ಒಂದು ತಿಂಗಳು ಸಾರು ಮಾಡಿದೆ. ಅವರು ತುಟಿಪಿಟಕ್ಕೆನ್ನಲಿಲ್ಲ. ಏಕೆನ್ನುತ್ತಾರೆ? ಹೀರೇಕಾಯಿ ಬಿಡುವುದು ಅವರಿಗೆ ತ್ಯಾಗವಲ್ಲ, ಬಹುಮಾನ. ಬಂದವರಿಗೆಲ್ಲ, "ನಮಗೀಗ ಶಾಕವ್ರತ" ಎಂದು ಬಾಗಿಲಲ್ಲೇ ತಿಳಿಸುತ್ತಿದ್ದರು. ಕೊರಿಯರ್ ಹುಡುಗನಿಗೂ ಗೊತ್ತಿತ್ತು.

ದ್ವಾದಶಿಯ ಬೆಳಗಿನ ಪಾರಣೆಗೆ ತರಕಾರಿ ಎಲೆಗೆ ಮರಳಿ ಬಂತು, ಮೊಸರು ಹೋಯಿತು. ಮದುವೆಮನೆಯಲ್ಲಿ ಮೂರು ಸಿಹಿ ಉಂಡು ಬಂದ ದಿನವೂ ರಾತ್ರಿ ಒಂದು ತುತ್ತು ಮೊಸರನ್ನವಿಲ್ಲದೆ ನಿದ್ದೆ ಬಾರದ ಮನುಷ್ಯ ಇವರು. ಎರಡನೆಯ ದಿನಕ್ಕೆ ಮುಖ ಸಣ್ಣದಾಯಿತು. ಉಪಾಕರ್ಮದ ದಿನ ಜನಿವಾರ ಬದಲಿಸಲು ಹೋದವರು ಸ್ವಲ್ಪ ಗೆಲುವಾಗಿ ಬಂದರು. ಪಂಚಗವ್ಯದಲ್ಲಿ ಮೊಸರೂ ಸೇರಿರುತ್ತದಲ್ಲ! ಉಳಿದವರು ಕಣ್ಣು ಮುಚ್ಚಿ ಗುಟುಕರಿಸುವ ಪಂಚಗವ್ಯವನ್ನು ಇವರು ಎರಡನೆಯ ಸಲ ಕೈಯೊಡ್ಡಿ ಕೇಳಿದರಂತೆ. ಜೊತೆಗೆ ಹೋಗಿದ್ದ ಮಗ ಬಂದು ಹೇಳಿದ.

ಅಲ್ಲಿ ಯಾರೋ ಪುಣ್ಯಾತ್ಮರು, "ದಧಿವ್ರತದಲ್ಲಿ ಮೊಸರು ನಿಷಿದ್ಧ, ಮಜ್ಜಿಗೆಗೆ ಅಡ್ಡಿಯಿಲ್ಲ" ಎಂದುಬಿಟ್ಟಿದ್ದಾರೆ. ನಮ್ಮ ಮನೆಯಲ್ಲಿ ಇದು ಹೊಸ ಸುದ್ದಿಯೇನಲ್ಲ, ಅತ್ತೆ ಪ್ರತಿ ವರ್ಷ ತೆಳ್ಳನೆಯ ಮಜ್ಜಿಗೆಯಲ್ಲೇ ತಿಂಗಳು ಕಳೆಯುವವರು. ಆದರೆ ಯಜಮಾನರಿಗೆ ಅದು ನ್ಯಾಯಾಲಯದ ತಡೆಯಾಜ್ಞೆ ಸಿಕ್ಕಂತಾಯಿತು. ರಾಯರ ಆರಾಧನೆಯ ದಿನ ಬಡಾವಣೆಯ ಮಠದಲ್ಲಿ ಊಟಕ್ಕೆ ಕುಳಿತು ಕೊನೆಯಲ್ಲಿ ಬರುವ ಮಜ್ಜಿಗೆಗಾಗಿ ಅನ್ನವನ್ನು ಗುಂಡಿ ಮಾಡಿಕೊಂಡು ಕಾದರು. ಬಂದ ಮಜ್ಜಿಗೆ ಮಂತ್ರಾಲಯದ ತುಂಗಭದ್ರೆಯಷ್ಟು ನಿರ್ಮಲವಾಗಿತ್ತು. ಎಲೆಯಿಂದ ಹರಿದು ಪಕ್ಕದವರ ಪಂಚೆ ಸೇರಿತು. "ಮಜ್ಜಿಗೆಗೂ ಒಂದು ಮರ್ಯಾದೆ ಬೇಡವೇ?" ಎಂದು ದಾರಿಯುದ್ದಕ್ಕೂ ಗೊಣಗಿದರು. ಆ ಮರ್ಯಾದೆಯನ್ನು ಉಳಿಸುವ ಕೆಲಸವನ್ನು ಇವತ್ತು ನನ್ನ ಅಡುಗೆಮನೆಯಲ್ಲಿ ಕೈಗೆತ್ತಿಕೊಂಡಿದ್ದಾರೆ.

ಮನೆಯಲ್ಲಿ ಮೊಸರು ಹೆಪ್ಪಾಗುವುದು ಮಕ್ಕಳಿಗಾಗಿ. ಅದರಲ್ಲಿ ಒಂದು ಬಟ್ಟಲು ತೆಗೆದು, ಕಡಗೋಲನ್ನು ಇಳಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿದರು. ಎರಡೇ ಸುತ್ತು, ನಾನೇ ಎಣಿಸಿದ್ದೇನೆ. ಆಮೇಲೆ ಅನ್ನದ ಮೇಲೆ ಸುರಿದರು. ಸುರಿದರು ಎಂದರೆ ತಪ್ಪಾಗುತ್ತದೆ, ಇಳಿಸಿದರು. ಅದು ಅನ್ನದ ನೆತ್ತಿಯ ಮೇಲೆ ಅಲ್ಲಾಡದೆ ಕುಳಿತಿತು.

ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಏನೋ ಅದು?"

"ಮಜ್ಜಿಗೆ, ಅಮ್ಮ."

"ಹರಿಯುತ್ತಿಲ್ಲವಲ್ಲ?"

"ಹರಿಯಲೇಬೇಕೆಂದು ಯಾವ ಶಾಸ್ತ್ರದಲ್ಲಿದೆ?"

ಅತ್ತೆ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡು ಒಂದು ಬದಿ ಎತ್ತಿ ಹಿಡಿದರು. ಅನ್ನದಗಳು ಜಾರಿದವು, ಮಜ್ಜಿಗೆ ಜಾರಲಿಲ್ಲ. "ಕಡೆದು ಬೆಣ್ಣೆ ತೆಗೆದರೆ ಮಜ್ಜಿಗೆ. ಬೆಣ್ಣೆ ಎಲ್ಲಿ, ತೋರಿಸು" ಎಂದರು. ಅಲ್ಲಿಂದ ಬೆಣ್ಣೆಯ ಶೋಧ ಶುರುವಾಯಿತು. ಬಟ್ಟಲಿನದನ್ನೆಲ್ಲ ದೊಡ್ಡ ಪಾತ್ರೆಗೆ ಹಾಕಿ ಕಡೆದರು, ಕೈ ಸೋತಿತು. ಮಿಕ್ಸಿಗೆ ಹಾಕಿ ಗರ್ರೆನಿಸಿದರು, ನೊರೆ ಬಂತು. ನೊರೆಯನ್ನು ಟೀ ಜಾಲರಿಯಲ್ಲಿ ಸೋಸಿದರು. ಜಾಲರಿಯಲ್ಲಿ ನಿನ್ನೆಯ ಎರಡು ಟೀ ಎಲೆ ಸಿಕ್ಕವು.

ಸಿಗುವುದಾದರೂ ಹೇಗೆ? ನಮ್ಮ ಮನೆಗೆ ಬರುವುದು ಅರ್ಧ ಲೀಟರಿನ ಟೋನ್ಡ್ ಹಾಲಿನ ಪ್ಯಾಕೆಟ್. ಅದರಲ್ಲಿ ಕೊಬ್ಬು ಶೇಕಡಾ 3, ಅಂದರೆ ಪ್ಯಾಕೆಟ್ಟಿಗೆ ಸುಮಾರು 15 ಗ್ರಾಂ. ಕಾಯಿಸಿ ಆರಿದ ಮೇಲೆ ಕಟ್ಟಿದ ಕೆನೆಯನ್ನು ನಾನು ಚಮಚದಲ್ಲಿ ಎತ್ತಿ ಫ್ರೀಜರಿನ ಡಬ್ಬಿಗೆ ಹಾಕಿರುತ್ತೇನೆ, ತಿಂಗಳ ಕೊನೆಗೆ ತುಪ್ಪಕ್ಕೆಂದು. ಇದನ್ನು ಅವರಿಗೆ ಹೇಳಬಾರದಿತ್ತು. ಹೇಳಿದೆ. ಅವರ ಮುಖದಲ್ಲಿ ದೀಪ ಹೊತ್ತಿಕೊಂಡಿತು.

"ಅಂದರೆ ಬೆಣ್ಣೆಯನ್ನು ಮೊದಲೇ ತೆಗೆದಾಗಿದೆ! ಹಾಗಿದ್ದ ಮೇಲೆ ಕಡೆಯುವ ಅಗತ್ಯವೇ ಇಲ್ಲ. ನಮ್ಮ ಮನೆಯ ಮೊಸರು ಹುಟ್ಟುವಾಗಲೇ ಮಜ್ಜಿಗೆ!"

ಮೂವತ್ತೈದು ವರ್ಷ ಸರ್ಕಾರಿ ಸುತ್ತೋಲೆಗಳನ್ನು ಓದಿದ ತಲೆ. ನಾನು ದಂಗಾದೆ. ಅತ್ತೆ ಮಾತ್ರ ಆಗಲಿಲ್ಲ. "ನಿನ್ನ ತಲೆಯಲ್ಲಿ ಕೂದಲಿಲ್ಲ ಎಂದು ನಿನ್ನನ್ನು ಸನ್ಯಾಸಿ ಎನ್ನುತ್ತಾರೇನೋ?" ಎಂದು ಕೇಳಿ ಜಪಮಾಲೆ ಹಿಡಿದು ಒಳಗೆ ಹೋದರು. ಯಜಮಾನರು ನೆತ್ತಿ ಸವರಿಕೊಂಡು, ಮಿಕ್ಸಿಯಲ್ಲಿದ್ದದ್ದಕ್ಕೆ ನೀರು ಬೆರೆಸಿ, ಉಪ್ಪು ಹಾಕಿ, ಔಷಧಿ ಕುಡಿಯುವವರಂತೆ ಕುಡಿದು ಎದ್ದರು. ಪಾತ್ರೆಗಳು ಮಾತ್ರ ಏಳಲಿಲ್ಲ.

ಪಾತ್ರೆ ನೋಡುತ್ತ ನಿಂತಾಗ ನನ್ನ ಅಮ್ಮ ನೆನಪಾದಳು. ನಮ್ಮ ಮನೆಯಲ್ಲಿ ಅವಳು ವ್ರತ ಹಿಡಿಯುತ್ತಿದ್ದಳು ಎಂಬುದೇ ನನಗೆ ಬಹಳ ದಿನ ಗೊತ್ತಿರಲಿಲ್ಲ. ಎಲ್ಲರಿಗೂ ಬಡಿಸಿ, ಕೊನೆಗೆ ಒಲೆಯ ಪಕ್ಕದಲ್ಲಿ ಒಬ್ಬಳೇ ಕುಳಿತು ಉಣ್ಣುವವಳ ತಟ್ಟೆಯನ್ನು ಯಾರು ನೋಡುತ್ತಾರೆ? ಒಂದು ದಿನ ಶಾಲೆ ಬೇಗ ಬಿಟ್ಟಿತ್ತು. ಬಂದು ನೋಡಿದರೆ ಅನ್ನಕ್ಕೆ ನೀರುಮಜ್ಜಿಗೆ, ಉಪ್ಪು. ಮೊಸರೇಕಿಲ್ಲ ಎಂದೆ. "ಮುಗಿದುಹೋಯಿತು ಕಣೇ" ಎಂದಳು. ಕೈ ತೊಳೆಯಲು ಹಿತ್ತಲಿಗೆ ಹೋಗುವಾಗ ನೋಡಿದೆ, ಮೊಸರಿನ ಗಡಿಗೆಯಲ್ಲಿ ಅರ್ಧದಷ್ಟು ಹಾಗೇ ಇತ್ತು, ಮೇಲೆ ಹಳದಿ ಕೆನೆ. ನಾನು ಅದನ್ನು ಬೆರಳಲ್ಲಿ ತೆಗೆದು ತಿಂದೆ. ಅವಳು ನೋಡಿಯೂ ಬೈಯಲಿಲ್ಲ.

ಅದಿರಲಿ. ಇನ್ನು ನಾಲ್ಕೇ ದಿನಕ್ಕೆ ಕೃಷ್ಣಾಷ್ಟಮಿ. ಮೊಸರಿನ ಗಡಿಗೆ ಒಡೆದುಕೊಂಡು ಬೆಳೆದ ಹುಡುಗ ಹುಟ್ಟಿದ್ದು ಮೊಸರು ಬಿಡುವ ತಿಂಗಳಲ್ಲೇ! ಉಡುಪಿಯಲ್ಲಿ ಅಷ್ಟಮಿಯ ಮಾರನೆಯ ದಿನ ಬೀದಿಯಲ್ಲೇ ಮೊಸರು ಕುಡಿಕೆ ಒಡೆಯುತ್ತಾರೆ. ಈ ಸುದ್ದಿ ಟಿವಿಯಲ್ಲಿ ಬರುವಾಗ ಯಜಮಾನರು ಎದುರಿಗೆ ಇಲ್ಲದಂತೆ ನೋಡಿಕೊಳ್ಳಬೇಕು. ಬೀದಿಗೆ ಬಿದ್ದದ್ದು ಮೊಸರೋ ಮಜ್ಜಿಗೆಯೋ ಎಂದು ಯಾರಿಗಾದರೂ ಫೋನು ಮಾಡಿಯಾರು.

ಮೌನ ಮುರಿಯೋಣ ಎಂದುಕೊಂಡು ಈಗ ಮಧ್ಯಾಹ್ನದ ಕಾಫಿಗೆ ಅಡುಗೆಮನೆಗೆ ಹೋದೆ. ಯಜಮಾನರು ಕಿಟಕಿಯ ಬೆಳಕಿಗೆ ಬೆನ್ನು ಹಾಕಿ ನಿಂತಿದ್ದರು. ಗೋಡೆಯ ಪಂಚಾಂಗದಲ್ಲಿ ಭಾದ್ರಪದ ಶುದ್ಧ ಏಕಾದಶಿಗೆ ಕೆಂಪು ಸುತ್ತು ಬಿದ್ದಿತ್ತು, ಅಂದು ಹಾಲು ಬಿಡುವ ದಿನ. ಅವರ ಮೂಗಿನ ತುದಿಯಲ್ಲಿ ಕನ್ನಡಕ. ಕೈಯಲ್ಲಿ ಹಾಲಿನ ಪುಡಿಯ ಡಬ್ಬಿ. ಅದರ ಹಿಂಬದಿಯ ಸಣ್ಣ ಅಕ್ಷರಗಳನ್ನು ಬೆರಳಿಟ್ಟು ಓದುತ್ತಿದ್ದರು.