ಫ್ಲ್ಯಾಶ್ ಸತ್ತ ಮೇಲೂ ಉಳಿದ ಒಂದು ಚೆನ್ನೆಮಣೆ

ಕಳೆದ ಭಾನುವಾರ ಅಟ್ಟದ ಮೇಲಿದ್ದ ಹಳೆಯ ಸಿಡಿಗಳ ಡಬ್ಬಿಯನ್ನು ಕೆಳಗಿಳಿಸಿದೆ. ಅದರಲ್ಲಿ ‘ಚೆನ್ನೆ, ಕೊನೆಯ ಪ್ರತಿ’ ಎಂದು ನೀಲಿ ಮಾರ್ಕರ್‌ನಲ್ಲಿ ಬರೆದಿದ್ದ ಒಂದು ಸಿಡಿ ಸಿಕ್ಕಿತು. ಬ್ರೌಸರ್‌ನಲ್ಲಿ ಆಟ, ಚಲಿಸುವ ಚಿತ್ರಗಳನ್ನು ತೋರಿಸಲು ಆಗ ಬಳಸುತ್ತಿದ್ದ ಫ್ಲ್ಯಾಶ್ ಎಂಬ ತಂತ್ರಾಂಶದಲ್ಲಿ 2006ರಲ್ಲಿ ನಾನು ಮಾಡಿದ ಚೆನ್ನೆಮಣೆ ಆಟ ಅದರೊಳಗಿತ್ತು. ಎರಡು ಸಾಲು, 14 ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಕಾಳು. ಒಂದೊಂದು ಕಾಳು ಬೀಳುವಾಗಲೂ ಪುತ್ತೂರಿನ ನಮ್ಮ ಅಜ್ಜಿ ತುಳುವಿನಲ್ಲಿ ಎಣಿಸುತ್ತಾರೆ: ಒಂಜಿ, ರಡ್ಡ್, ಮೂಜಿ, ನಾಲ್. ಆಟಿ ತಿಂಗಳ ಮಳೆಯಲ್ಲಿ, ಜಗಲಿಯಲ್ಲಿ ಕೂರಿಸಿಕೊಂಡು, ಹತ್ತು ರೂಪಾಯಿಯ ಮೈಕ್ ಹಿಡಿದು ಅವರ ಧ್ವನಿಯನ್ನು ದಾಖಲಿಸಿಕೊಂಡಿದ್ದೆ. ಹಿಂದೆ ಹಂಚಿನ ಮೇಲೆ ಮಳೆ ಬೀಳುವ ಸದ್ದೂ ಇದೆ. ಅಜ್ಜಿ 2011ರಲ್ಲಿ ತೀರಿಕೊಂಡರು. ಅವರ ಧ್ವನಿ ನಮ್ಮ ಮನೆಯಲ್ಲಿ ಬೇರೆಲ್ಲೂ ಇಲ್ಲ.

ಪಕ್ಕದ ಕಂಪ್ಯೂಟರ್ ಅಂಗಡಿಯವರಿಂದ ಸಿಡಿ ಡ್ರೈವ್ ಎರವಲು ತಂದು, ಫೈಲನ್ನು ಲ್ಯಾಪ್‌ಟಾಪಿಗೆ ಇಳಿಸಿ, ಹಳೆಯ ಫ್ಲ್ಯಾಶ್ ಫೈಲುಗಳನ್ನು ನಡೆಸುವ ರಫಲ್ ಎಂಬ ತಂತ್ರಾಂಶದಲ್ಲಿ ತೆರೆದೆ. ಮಣೆ ಮೂಡಿತು. ಮೊದಲ ಗುಳಿ ಒತ್ತಿದೆ. ಒಂಜಿ ಎಂದರು ಅಜ್ಜಿ. ಅಡುಗೆಮನೆಯಲ್ಲಿದ್ದ ಅಮ್ಮ ಕೈ ಒರೆಸಿಕೊಳ್ಳದೆ ಹೊರಗೆ ಬಂದು ನಿಂತರು.

ಅಂದಿನಿಂದ ಹದಿನೈದು ವರ್ಷಗಳ ಹಿಂದಿನ ಒಂದು ವಾದ ನನ್ನ ತಲೆಯಲ್ಲಿ ಮತ್ತೆ ಎದ್ದು ಕೂತಿದೆ. ಆಗ ನಾನು ಗೆದ್ದೆನೆಂದೇ ಭಾವಿಸಿದ್ದ ವಾದ ಅದು.

2010ರ ಏಪ್ರಿಲ್‌ನಲ್ಲಿ ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್ ಫ್ಲ್ಯಾಶ್ ಕುರಿತು ಬಹಿರಂಗ ಪತ್ರ ಬರೆದರು. ಫ್ಲ್ಯಾಶ್ ಒಂದೇ ಕಂಪನಿಯ ಸೊತ್ತು, ಅದರಲ್ಲಿ ಭದ್ರತೆ ಇಲ್ಲ, ಬ್ಯಾಟರಿಯನ್ನು ಹೀರುತ್ತದೆ, ಮೌಸ್‌ಗೆ ಮಾಡಿದ್ದು ಬೆರಳಿಗೆ ಒಗ್ಗುವುದಿಲ್ಲ, ಆದ್ದರಿಂದ ಐಫೋನ್‌ನಲ್ಲಿ ಅದಕ್ಕೆ ಜಾಗವಿಲ್ಲ. ಆ ಹೊತ್ತಿಗೆ ನಾನು ಬೆಂಗಳೂರಿನ ಒಂದು ಕಚೇರಿಯಲ್ಲಿ ವೆಬ್ ಡೆವಲಪರ್ ಆಗಿದ್ದೆ. ಆ ಪತ್ರದ ಪ್ರತಿ ಸಾಲಿಗೂ ನನ್ನ ಒಪ್ಪಿಗೆಯಿತ್ತು. ಯಾರ ಅಪ್ಪಣೆಯೂ ಬೇಡದ ತೆರೆದ ಮಾನದಂಡಗಳ ಮೇಲೆ ವೆಬ್ ನಿಲ್ಲಬೇಕು ಎಂದು ಚಹಾದ ಹೊತ್ತಿನಲ್ಲೆಲ್ಲ ವಾದಿಸುತ್ತಿದ್ದೆ. ಅನಿಮೇಷನ್ ವಿಭಾಗದ ಹಿರಿಯರೊಬ್ಬರು ಒಂದೇ ಪ್ರಶ್ನೆ ಕೇಳಿದ್ದರು: “ಸರಿ, ಇಷ್ಟು ವರ್ಷ ನಾವು ಮಾಡಿದ್ದೆಲ್ಲ ಎಲ್ಲಿಗೆ ಹೋಗಬೇಕು?” ನಾನು ತಡಮಾಡದೆ ಉತ್ತರಿಸಿದ್ದೆ: “ಹೊಸದಾಗಿ ಬರೆದರಾಯಿತು.”

ಆ ಉತ್ತರದ ಬಗ್ಗೆ ನನಗೆ ಇಂದು ನಿಜವಾಗಿ ನೋವಿದೆ. ಯಾರು ಬರೆಯಬೇಕಿತ್ತು? ಹುಬ್ಬಳ್ಳಿಯಲ್ಲೋ ಬ್ರೆಜಿಲ್‌ನಲ್ಲೋ ಕಾಲೇಜು ದಿನಗಳಲ್ಲಿ ಒಂದು ಆಟ ಮಾಡಿ, ಆಮೇಲೆ ಬ್ಯಾಂಕ್ ಕೆಲಸಕ್ಕೆ ಸೇರಿಕೊಂಡ ಹುಡುಗ ಹತ್ತು ವರ್ಷದ ನಂತರ ಹಿಂದಿರುಗಿ ಅದನ್ನು ಮತ್ತೆ ಬರೆಯುತ್ತಾನೆಯೇ?

ಫ್ಲ್ಯಾಶ್ ಎಂದರೆ ಏನಾಗಿತ್ತು ಎಂಬುದನ್ನು ಇಂದಿನ ಹುಡುಗರಿಗೆ ಹೇಳುವುದು ಕಷ್ಟ. 1996ರಲ್ಲಿ ಫ್ಯೂಚರ್‌ಸ್ಪ್ಲ್ಯಾಶ್ ಎಂಬ ಸಣ್ಣ ಚಿತ್ರಚಲನೆಯ ತಂತ್ರಾಂಶವಾಗಿ ಅದು ಬಂತು. ಅದೇ ವರ್ಷದ ಕೊನೆಯಲ್ಲಿ ಮ್ಯಾಕ್ರೋಮೀಡಿಯಾ ಕೊಂಡು ಫ್ಲ್ಯಾಶ್ ಎಂದು ಹೆಸರಿಟ್ಟಿತು. 2005ರಲ್ಲಿ ಮ್ಯಾಕ್ರೋಮೀಡಿಯಾವನ್ನೇ ಅಡೋಬಿ ಕೊಂಡಿತು. ಮಾಲೀಕರ ಕಥೆ ಅಷ್ಟು. ನಮ್ಮ ಕಥೆ ಬೇರೆ. ಮಂಗಳೂರಿನ ಸೈಬರ್ ಕೆಫೆಯಲ್ಲಿ ಗಂಟೆಗೆ 20 ರೂಪಾಯಿ ಕೊಟ್ಟು ಕೂತರೆ, ನಿಧಾನದ ಸಂಪರ್ಕದಲ್ಲೂ ಕೆಲವೇ ನೂರು ಕಿಲೋಬೈಟಿನ ಆಟವೊಂದು ಇಳಿದು ಬರುತ್ತಿತ್ತು. ಅದನ್ನು ಮಾಡಿದವನು ಬಹುಪಾಲು ಒಬ್ಬನೇ. ಚಿತ್ರ ಬಿಡಿಸುವುದು, ಅದನ್ನು ಚಲಿಸುವಂತೆ ಮಾಡುವುದು, ಸದ್ದು ಸೇರಿಸುವುದು, ಕೋಡ್ ಬರೆಯುವುದು ಎಲ್ಲವೂ ಒಂದೇ ಕಿಟಕಿಯೊಳಗೆ. ಕಾಳಿನ ಚಿತ್ರದ ಮೇಲೆ ಕ್ಲಿಕ್ ಮಾಡಿ ಅದರ ನಡತೆಯನ್ನು ಅದರ ಬೆನ್ನಿಗೇ ಬರೆಯಬಹುದಿತ್ತು. ಕೋಡ್ ಬರೆಯಲು ಬಾರದ ಚಿತ್ರಗಾರ ಮೊದಲು ಚಿತ್ರ ಮಾಡಿ, ನಂತರ ನಾಲ್ಕು ಸಾಲು ಕಲಿತು, ಆರು ತಿಂಗಳಲ್ಲಿ ಆಟ ಮಾಡುವವನಾಗುತ್ತಿದ್ದ. ಓಟಗಾರನ ತೊಡೆ, ಮೀನಖಂಡಗಳನ್ನು ನಾಲ್ಕು ಕೀಲಿಗಳಿಂದ ಬೇರೆಬೇರೆಯಾಗಿ ಕದಲಿಸುವ ಕ್ವಾಪ್ ಆಟ ಬಂದದ್ದೂ ಫ್ಲ್ಯಾಶ್‌ನಲ್ಲೇ. ಮುಂದೆ ದೊಡ್ಡ ಹೆಸರು ಮಾಡಿದ ಸೂಪರ್ ಮೀಟ್ ಬಾಯ್‌ನ ಮೂಲವೂ 2008ರ ಒಂದು ಫ್ಲ್ಯಾಶ್ ಆಟ. ಇಂದು ವೆಬ್‌ನಲ್ಲಿ ಆಟ ಮಾಡಲು ಅದಕ್ಕಿಂತ ನೂರು ಪಟ್ಟು ಬಲವಾದ ಸಾಧನಗಳಿವೆ. ಆದರೆ ಚಿತ್ರಗಾರನಿಗೂ ಕೋಡ್ ಬರೆಯುವವನಿಗೂ ಒಂದೇ ಮೇಜು ಕೊಟ್ಟ ಸಾಧನವನ್ನು ನಾನು ಮತ್ತೆ ಕಂಡಿಲ್ಲ.

ಕನ್ನಡದವರಿಗೆ ಅದರಲ್ಲಿ ಒಂದು ತೊಡಕಿತ್ತು. ಆಗಿನ ಫ್ಲ್ಯಾಶ್ ಪ್ಲೇಯರ್‌ಗೆ ಯೂನಿಕೋಡ್ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಲು ಬರುತ್ತಿರಲಿಲ್ಲ. ನಾವು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ (ಫಾಂಟ್‌ನಲ್ಲಿ) ಬೆರಳಚ್ಚು ಮಾಡಿ, ಆ ಅಕ್ಷರಗಳನ್ನು ಒಡೆದು ಬರಿಯ ರೇಖಾಚಿತ್ರಗಳನ್ನಾಗಿ ಮಾಡಿಬಿಡುತ್ತಿದ್ದೆವು. ನನ್ನ ಆಟದಲ್ಲಿ ‘ಆಟ ಆರಂಭಿಸಿ’ ಎಂಬುದು ಅಕ್ಷರವೇ ಅಲ್ಲ, ಅಕ್ಷರದ ಚಿತ್ರ. ಹುಡುಕಲಾಗದು, ನಕಲಿಸಲಾಗದು. ಆದರೂ ಇಪ್ಪತ್ತು ವರ್ಷದ ನಂತರ ಒಂದು ಕೊಂಬೂ ಕದಲದೆ ಹಾಗೆಯೇ ನಿಂತಿದೆ.

ಅದೇ ಸಿಡಿಯಲ್ಲಿ ಆಟದ ನಿಯಮಗಳನ್ನು ಬರೆದಿಟ್ಟ ಪುಟವೊಂದಿದೆ. ಅಜ್ಜಿ ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡದ್ದು. ಅದನ್ನು ತೆರೆದರೆ ಪೌಂಡ್ ಗುರುತು, ತಲೆಯ ಮೇಲೆ ಗೀಟು ಹೊತ್ತ ಲ್ಯಾಟಿನ್ ಅಕ್ಷರಗಳು, ಚೌಕದ ಡಬ್ಬಿಗಳು. 1996ರಲ್ಲಿ ಯು. ಬಿ. ಪವನಜ ಅವರು ‘ವಿಶ್ವಕನ್ನಡ’ ಜಾಲತಾಣ ಆರಂಭಿಸಿದಲ್ಲಿಂದ ಹಿಡಿದು ಯೂನಿಕೋಡ್ ರೂಢಿಗೆ ಬರುವವರೆಗೆ ಕನ್ನಡದ ಜಾಲತಾಣಗಳಿಗೆ ಹೀಗೆ ಅಕ್ಷರಶೈಲಿಯೇ ಆಧಾರವಾಗಿತ್ತು. ಶೈಲಿ ಹೋದರೆ ಬರಹವೂ ಹೋಯಿತು. ಆದ್ದರಿಂದ ತಂತ್ರಜ್ಞಾನವೊಂದು ಮುಚ್ಚಿಕೊಂಡಾಗ ಏನಾಗುತ್ತದೆ ಎಂಬುದನ್ನು ಕನ್ನಡಿಗರಿಗೆ ಯಾರೂ ಹೊರಗಿನಿಂದ ಬಂದು ತಿಳಿಸಬೇಕಿಲ್ಲ.

ಫ್ಲ್ಯಾಶ್‌ನ ಕೊನೆಯ ದಿನಗಳು ಬೇಗ ಬಂದವು. 2017ರ ಜುಲೈನಲ್ಲಿ ಅಡೋಬಿ ಗಡುವು ಘೋಷಿಸಿತು. 2020ರ ಡಿಸೆಂಬರ್ 31ಕ್ಕೆ ಬೆಂಬಲ ನಿಂತಿತು. 2021ರ ಜನವರಿ 12ರಿಂದ ಪ್ಲೇಯರ್ ತಾನಾಗಿಯೇ ಏನನ್ನೂ ತೋರಿಸದಂತಾಯಿತು. ದಕ್ಷಿಣ ಆಫ್ರಿಕಾದ ತೆರಿಗೆ ಇಲಾಖೆಯ ಕೆಲವು ಅರ್ಜಿಗಳು ಫ್ಲ್ಯಾಶ್‌ನಲ್ಲೇ ಇದ್ದವು. ಅವನ್ನು ತುಂಬಿಸಲೆಂದು ಆ ಇಲಾಖೆ ತನ್ನದೇ ಬ್ರೌಸರ್ ಬಿಡುಗಡೆ ಮಾಡಬೇಕಾಯಿತು. ಮೂರು ವರ್ಷ ಮುಂಚೆ ಎಚ್ಚರಿಕೆ ಕೊಟ್ಟಿದ್ದರಲ್ಲ ಎನ್ನಬಹುದು. ಸರಕಾರಿ ಇಲಾಖೆಗೇ ಸಾಲದ ಸಮಯ ಬ್ಯಾಂಕ್ ಕೆಲಸಕ್ಕೆ ಹೋದ ಹುಡುಗನಿಗೆ ಸಾಕಾಗುತ್ತಿತ್ತೆ?

ಕೈಹಿಡಿದವರು ಸ್ವಯಂಸೇವಕರು. ಫ್ಲ್ಯಾಶ್‌ಪಾಯಿಂಟ್ ಎಂಬ ಯೋಜನೆಯವರು ಒಂದು ಲಕ್ಷಕ್ಕೂ ಹೆಚ್ಚು ಆಟಗಳನ್ನು ಹುಡುಕಿ ಹೆಕ್ಕಿ ಕೂಡಿಟ್ಟರು. ರಫಲ್ ತಂಡದವರು ಫ್ಲ್ಯಾಶ್ ಪ್ಲೇಯರನ್ನು ರಸ್ಟ್ ಭಾಷೆಯಲ್ಲಿ ಮೊದಲಿನಿಂದ ಬರೆದರು. 2020ರ ನವೆಂಬರ್‌ನಲ್ಲಿ ಹಳೆಯ ಜಾಲಪುಟ, ಪುಸ್ತಕಗಳನ್ನು ಕಾಪಿಡುವ ಇಂಟರ್ನೆಟ್ ಆರ್ಕೈವ್ ಅದನ್ನೇ ಬಳಸಿ ಹಳೆಯ ಆಟಗಳನ್ನು ಬ್ರೌಸರ್‌ನಲ್ಲಿ ಮತ್ತೆ ಆಡಿಸತೊಡಗಿತು. ಇದು ಸಾಧ್ಯವಾದದ್ದಕ್ಕೆ ಎರಡು ಕಾರಣಗಳಿವೆ, ಮತ್ತು ನನ್ನ ಮಾತೆಲ್ಲ ಇಲ್ಲೇ ಇದೆ. 2008ರಲ್ಲಿ ಅಡೋಬಿ ಫ್ಲ್ಯಾಶ್ ಫೈಲಿನ ಒಳರಚನೆಯ ವಿವರಗಳ ಮೇಲಿದ್ದ ನಿರ್ಬಂಧವನ್ನು ತೆಗೆದಿತ್ತು. ಆ ವಿವರ ಓದಿ ಬೇರೆಯವರೂ ಪ್ಲೇಯರ್ ಬರೆಯಬಹುದಾಗಿತ್ತು. ಅದಕ್ಕಿಂತ ದೊಡ್ಡ ಕಾರಣ, ಆಟ ಎಂಬುದು ಒಂದು ಫೈಲಾಗಿತ್ತು. ಆಡಿದವನ ಕಂಪ್ಯೂಟರಿನಲ್ಲಿ, ಪೆನ್‌ಡ್ರೈವಿನಲ್ಲಿ, ಅಟ್ಟದ ಮೇಲಿನ ಸಿಡಿಯಲ್ಲಿ ಇಡಿಯಾಗಿ ಇತ್ತು.

ಈಗ ನನ್ನ ಗೆದ್ದ ವಾದದ ಕಡೆ ನೋಡಿ. 2014ರಲ್ಲಿ, ವೆಬ್ ಪುಟಗಳನ್ನು ಬರೆಯುವ ತೆರೆದ ಭಾಷೆಯಾದ ಎಚ್‌ಟಿಎಂಎಲ್5 ಅಧಿಕೃತ ಮಾನದಂಡವಾಯಿತು. ಅದರ ಮರುವರ್ಷ ನಾನು ಒಂದು ಸಂಸ್ಥೆಗಾಗಿ ಮಕ್ಕಳ ಕನ್ನಡ ಪಾಠಗಳ 40 ಸಣ್ಣ ಆಟಗಳನ್ನು ಅದರಲ್ಲಿಯೇ ಮಾಡಿದೆ. ಬ್ರೌಸರ್‌ಗೆ ಬೇರೆ ಪ್ಲಗಿನ್ ಸೇರಿಸಬೇಕಿರಲಿಲ್ಲ, ಯೂನಿಕೋಡ್ ಕನ್ನಡ, ಎಲ್ಲ ಮೊಬೈಲ್‌ಗಳಲ್ಲೂ ನಡೆಯುತ್ತಿತ್ತು. ನನ್ನ ಪಾಲಿಗೆ ಅದೇ ಆದರ್ಶ. ಚಿತ್ರ, ಧ್ವನಿ, ಅಂಕಗಳ ಲೆಕ್ಕ ಎಲ್ಲವೂ ಸರ್ವರ್‌ನಿಂದ ಬರುತ್ತಿದ್ದವು. ಮೂರು ವರ್ಷಕ್ಕೆ ಒಪ್ಪಂದ ಮುಗಿಯಿತು, ಸರ್ವರ್ ನಿಂತಿತು, ವಿಳಾಸ ಬೇರೆಯವರ ಪಾಲಾಯಿತು. ಇಂದು ಆ 40ರಲ್ಲಿ ಒಂದೂ ಇಲ್ಲ. ನನ್ನ ಬಳಿಯೂ ಇಲ್ಲ, ಯಾವ ಶಾಲೆಯಲ್ಲೂ ಇಲ್ಲ. ಮುಚ್ಚಿದ ತಂತ್ರಜ್ಞಾನ ಎಂದು ನಾನು ಬೈದದ್ದರಲ್ಲಿ ಮಾಡಿದ ಚೆನ್ನೆಮಣೆ ಬದುಕಿದೆ. ತೆರೆದ ಮಾನದಂಡದಲ್ಲಿ ಮಾಡಿದ್ದು ಅಳಿದಿದೆ. ತೆರೆದ ಮಾನದಂಡದ ಮೇಲಿನ ನನ್ನ ನಂಬಿಕೆ ಇದರಿಂದ ಕಡಿಮೆಯಾಗಿಲ್ಲ. ಆದರೆ ಭಾಷೆ ತೆರೆದಿದ್ದು ಪುಸ್ತಕ ಮಾತ್ರ ಪ್ರಕಾಶಕನ ಕಪಾಟಿನಲ್ಲಿ ಬೀಗದೊಳಗಿದ್ದರೆ ಓದುಗನಿಗೆ ಏನು ಸಿಕ್ಕಿತು?

ಫೇಸ್‌ಬುಕ್‌ನಲ್ಲಿ ಒಂದು ಕಾಲಕ್ಕೆ ಎಲ್ಲರೂ ಹೊಲ ಉತ್ತ ಫಾರ್ಮ್‌ವಿಲ್ ನೆನಪಿದೆಯೇ? 2009ರ ಜೂನ್‌ನಲ್ಲಿ ಬಂದು, ಫ್ಲ್ಯಾಶ್ ಜೊತೆಗೇ 2020ರ ಡಿಸೆಂಬರ್ 31ರಂದು ಮುಚ್ಚಿತು. ಅದೂ ಫ್ಲ್ಯಾಶ್ ಆಟವೇ. ಆದರೆ ಕ್ವಾಪ್‌ನ ಹಾಗೆ ಫೈಲನ್ನು ರಫಲ್‌ನಲ್ಲಿ ತೆರೆದರೆ ನಿಮ್ಮ ಹೊಲ ಮರಳಿ ಬರುವುದಿಲ್ಲ, ಏಕೆಂದರೆ ಹೊಲ ಇದ್ದದ್ದು ಕಂಪನಿಯ ಸರ್ವರ್‌ನಲ್ಲಿ. ಒಂದೇ ತಂತ್ರಜ್ಞಾನ, ಎರಡು ಹಣೆಬರಹ. ಹಾಗಾಗಿ ಯಾವ ಭಾಷೆ, ಯಾವ ಫ್ರೇಮ್‌ವರ್ಕ್ ಮೇಲು ಎಂದು ನಾವು ಮುಗಿಯದೆ ನಡೆಸುವ ಜಗಳ ನನಗೆ ಈಗ ಎರಡನೆಯ ಪ್ರಶ್ನೆಯಾಗಿ ಕಾಣುತ್ತದೆ. ವಸ್ತು ಯಾರ ಕೈಯಲ್ಲಿದೆ ಎಂಬುದು ಮೊದಲನೆಯದು.

ದುಡ್ಡು ಕೊಟ್ಟು ಕೊಂಡ ಆಟಗಳಲ್ಲಿ ಇದು ನೇರವಾಗಿ ಅನ್ಯಾಯವೇ ಆಗುತ್ತದೆ. ಯೂಬಿಸಾಫ್ಟ್‌ನ ‘ದಿ ಕ್ರೂ’ ಎಂಬ ಕಾರು ಓಟದ ಆಟ 2014ರ ಡಿಸೆಂಬರ್‌ನಲ್ಲಿ ಮಾರಾಟಕ್ಕೆ ಬಂತು. ಒಬ್ಬನೇ ಕೂತು ಆಡಿದರೂ ಸರ್ವರ್ ಸಂಪರ್ಕ ಬೇಕಿತ್ತು. 2024ರ ಮಾರ್ಚ್ 31ರಂದು ಸರ್ವರ್ ನಿಂತಿತು, ಅಂಗಡಿಯಿಂದ ಡಿಸ್ಕ್ ತಂದವನ ಕೈಯಲ್ಲಿ ಪ್ಲಾಸ್ಟಿಕ್ ಬಿಲ್ಲೆ ಉಳಿಯಿತು. ಮನೆ ಮಾರಿದವನು ಬೀಗದ ಕೈಯನ್ನು ತನ್ನ ಸೊಂಟದಲ್ಲೇ ಇಟ್ಟುಕೊಂಡು, ಹತ್ತು ವರ್ಷದ ನಂತರ ಬಂದು ಬಾಗಿಲು ಹಾಕಿದಂತೆ. ರಾಸ್ ಸ್ಕಾಟ್ ಎಂಬುವರು ಆಗ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಆರಂಭಿಸಿದರು. ಐರೋಪ್ಯ ಒಕ್ಕೂಟದ ನಾಗರಿಕರ ಮನವಿಗೆ ಬೇಕಾದ 10 ಲಕ್ಷ ಸಹಿಗಳ ಗಡಿಯನ್ನು ಅದು 2025ರ ಜುಲೈನಲ್ಲಿ ದಾಟಿತು. ಕ್ಯಾಲಿಫೋರ್ನಿಯಾ 2024ರಲ್ಲೇ ಕಾನೂನು ಮಾಡಿ, ಮುಂದೊಂದು ದಿನ ಕಿತ್ತುಕೊಳ್ಳಬಹುದಾದ ಪರವಾನಗಿಯನ್ನು ಮಾರುವಾಗ ಹಾಗೆಂದು ಸ್ಪಷ್ಟವಾಗಿ ಹೇಳದೆ ‘ಕೊಳ್ಳಿ’ ಎಂಬ ಪದ ಬಳಸಬಾರದು ಎಂದಿತು. ನಮ್ಮ ದೇಶದಲ್ಲೂ ಕನಿಷ್ಠ ಅಷ್ಟಾದರೂ ಪ್ರಾಮಾಣಿಕತೆಯನ್ನು ಕಾನೂನು ಕೇಳಬೇಕು.

ಎದುರು ವಾದಗಳನ್ನು ನಾನು ತಳ್ಳಿಹಾಕುವುದಿಲ್ಲ. ಫ್ಲ್ಯಾಶ್‌ನ ಭದ್ರತೆಯ ತೂತುಗಳು ನಿಜವಾಗಿದ್ದವು. ಕಳ್ಳ ತಂತ್ರಾಂಶಗಳು ಅದರ ಮೂಲಕವೇ ನುಗ್ಗುತ್ತಿದ್ದವು. ಬ್ರೌಸರ್‌ನಿಂದ ಅದನ್ನು ತೆಗೆದದ್ದು ಸರಿ. ಆದರೆ ಹಳೆಯದನ್ನು ಸುರಕ್ಷಿತವಾಗಿ ತೋರಿಸುವ ದಾರಿಯನ್ನೂ ಅದನ್ನು ಮಾರಿ ಗಳಿಸಿದವರೇ ಕೊಡಬಹುದಿತ್ತು. ಕೊಡದೆ ಮುಚ್ಚಿದ್ದು ನೆಗಡಿಯಾಯಿತೆಂದು ಮೂಗು ಕೊಯ್ದಂತೆ. ಸರ್ವರ್ ನಡೆಸಲು ಖರ್ಚಿದೆ, ಕಾರು ಕಂಪನಿಗಳ ಹೆಸರು ಬಳಸುವ ಪರವಾನಗಿಗೆ ಅವಧಿ ಇದೆ, ಇವೂ ನಿಜ. ಯಾರೂ ಸರ್ವರನ್ನು ಅನಂತಕಾಲ ನಡೆಸಿ ಎನ್ನುತ್ತಿಲ್ಲ. ಹೊರಡುವಾಗ ಬೀಗದ ಕೈ ಕೊಟ್ಟು ಹೋಗಿ ಎನ್ನುತ್ತಿದ್ದೇವೆ. ‘ನಾಕ್‌ಔಟ್ ಸಿಟಿ’ ಎಂಬ ಆನ್‌ಲೈನ್ ಆಟ 2023ರ ಜೂನ್‌ನಲ್ಲಿ ಮುಚ್ಚಿದಾಗ ಅದನ್ನು ಮಾಡಿದ ಸಣ್ಣ ಸ್ಟುಡಿಯೋ, ಆಟಗಾರರೇ ಸರ್ವರ್ ನಡೆಸಿಕೊಳ್ಳುವಂಥ ಆವೃತ್ತಿಯನ್ನು ಬಿಟ್ಟುಕೊಟ್ಟಿತು. ಗೂಗಲ್ ಅದೇ ವರ್ಷ, ಇಂಟರ್ನೆಟ್ ಮೂಲಕ ಆಟ ಆಡಿಸುವ ತನ್ನ ಸ್ಟೇಡಿಯಾ ಸೇವೆಯನ್ನು ನಿಲ್ಲಿಸಿದಾಗ ಹಣ ಮರಳಿಸಿತು, ಕೈಯಲ್ಲಿದ್ದ ಕಂಟ್ರೋಲರನ್ನು ಸಾಧಾರಣ ಬ್ಲೂಟೂತ್ ಕಂಟ್ರೋಲರಾಗಿ ಬದಲಿಸುವ ದಾರಿ ಕೊಟ್ಟಿತು. ಮನಸ್ಸಿದ್ದರೆ ಆಗುವ ಕೆಲಸ ಇದು.

ಮಾಡುವವರ ಮಾತೂ ಒಂದಿದೆ. 1997ರಲ್ಲಿ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಆಟ ತಯಾರಿಸುವ ಕಂಪನಿ ಆರಂಭವಾದ ಕಾಲದಿಂದ ನಮ್ಮ ಹುಡುಗ ಹುಡುಗಿಯರು ಜಗತ್ತಿನ ದೊಡ್ಡ ಆಟಗಳಿಗೆ ಕಾರು, ಮರ, ಬೀದಿ, ಮುಖಗಳನ್ನು ಕೆತ್ತಿದ್ದಾರೆ. ಸರ್ವರ್ ನಿಂತ ದಿನ ಅವರ ವರ್ಷಗಳ ದುಡಿಮೆ ಮಕ್ಕಳಿಗೆ ತೋರಿಸಲೂ ಉಳಿಯುವುದಿಲ್ಲ. ಕಲ್ಲು ಕೆತ್ತಿದವನಿಗೆ ಕನಿಷ್ಠ ಗುಡಿ ನಿಂತಿರುತ್ತದೆ.

ಅಜ್ಜಿಯ ನಿಯಮಗಳ ಪುಟವನ್ನು ಈ ವಾರವೆಲ್ಲ ಯೂನಿಕೋಡಿಗೆ ಪರಿವರ್ತಿಸುತ್ತಿದ್ದೇನೆ. ಪರಿವರ್ತಕ ಅರ್ಕಾವತ್ತುಗಳನ್ನು ಎತ್ತೆತ್ತಲೋ ಎಸೆಯುವುದರಿಂದ ಪ್ರತಿ ಸಾಲನ್ನೂ ಕೈಯಿಂದ ತಿದ್ದಬೇಕು. ಕೆಲವು ಪದಗಳಿಗೆ ಅಮ್ಮನನ್ನು ಕೇಳಬೇಕು. 21 ನಿಯಮಗಳಲ್ಲಿ 12 ಮುಗಿದಿವೆ. ಮುಗಿದ ಮೇಲೆ ಆಟದ ಫೈಲು, ಮೂಲ ಕೋಡ್, ಧ್ವನಿ, ನಿಯಮ ಎಲ್ಲವನ್ನೂ ಒಂದೇ ಕಟ್ಟಿನಲ್ಲಿ, ಯಾರು ಬೇಕಾದರೂ ಇಳಿಸಿಕೊಂಡು ಇಟ್ಟುಕೊಳ್ಳುವಂತೆ ಬಿಡುತ್ತೇನೆ. ನಿಮ್ಮಲ್ಲಿ ಯಾರಾದರೂ 2000ದಿಂದ 2012ರ ನಡುವೆ ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ ಫ್ಲ್ಯಾಶ್ ಆಟ, ಪಾಠ, ಶುಭಾಶಯ ಪತ್ರ ಏನಾದರೂ ಮಾಡಿದ್ದರೆ, ಹಳೆಯ ಕಂಪ್ಯೂಟರನ್ನು ಗುಜರಿಗೆ ಕೊಡುವ ಮುನ್ನ ಒಮ್ಮೆ ಹುಡುಕಿ. ಸಿಕ್ಕಿದ್ದನ್ನು ತೆರೆಯಲು ಬಾರದಿದ್ದರೂ ಪರವಾಗಿಲ್ಲ, ನನಗೆ ಸಂದೇಶ ಕಳುಹಿಸಿ. ಸಿಡಿ ಡ್ರೈವನ್ನು ಅಂಗಡಿಯವರಿಗೆ ಇನ್ನೂ ಹಿಂದಿರುಗಿಸಿಲ್ಲ.