ಒಬ್ಬರೇ ತಾನೇ?

ಮಂಗಳೂರು ತಲುಪಿ ಮೂರು ಗಂಟೆ ಕಳೆಯಿತು. ಅಕ್ಕನ ಮನೆಯಲ್ಲಿ ಬಿಸಿನೀರಿನ ಸ್ನಾನವಾಯಿತು, ಊಟವಾಯಿತು, ಹರಟೆಯೂ ಆಯಿತು. ಕೋಪ ಮಾತ್ರ ಇನ್ನೂ ಇಳಿದಿಲ್ಲ. ಅದರ ಪಕ್ಕದಲ್ಲೇ ಒಂದು ದೊಡ್ಡ ಸಂತೋಷವೂ ಕುಳಿತಿದೆ. ಎರಡನ್ನೂ ಇಲ್ಲಿ ಬರೆಯದೆ ಮಲಗಿದರೆ ನಿದ್ದೆ ಹತ್ತುವುದಿಲ್ಲ.

ಹಗಲು ರೈಲಿನಲ್ಲಿ ಬಂದೆ. ಯಾಕೆಂದು ನನ್ನನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಒಮ್ಮೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿಯನ್ನು ಕಣ್ತುಂಬ ನೋಡಬೇಕು, ಅದೂ ಒಬ್ಬಳೇ ಕುಳಿತು ನೋಡಬೇಕು. ಮೂರು ವರ್ಷದಿಂದ ನನಗಾಗಿಯೇ ಉಳಿಸಿಕೊಂಡಿರುವ ಹಬ್ಬ ಅದೊಂದೇ. ಟಿಕೆಟ್ ಬುಕಿಂಗ್ ತೆರೆಯುವುದು 60 ದಿನ ಮೊದಲು. ಆ ದಿನ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಮೊಬೈಲ್ ಹಿಡಿದು ಕುಳಿತೆ. ಒಲೆಯ ಮೇಲಿನ ಹಾಲು ಉಕ್ಕಿತು, ಉಕ್ಕಲಿ ಎಂದು ಬಿಟ್ಟೆ. ಕಿಟಕಿ ಸೀಟು ಸಿಕ್ಕಿತು. ಎರಡು ತಿಂಗಳಲ್ಲಿ ಆ ಟಿಕೆಟನ್ನು ಎಷ್ಟು ಸಲ ತೆರೆದು ನೋಡಿಕೊಂಡೆನೋ ಲೆಕ್ಕವಿಲ್ಲ.

ಹಾಸನದಲ್ಲಿ ಒಂದು ಕುಟುಂಬ ಹತ್ತಿತು. ನಲವತ್ತರ ಆಸುಪಾಸಿನ ಗಂಡ, ಹೆಂಡತಿ, ಇಬ್ಬರು ಮಕ್ಕಳು. ಅವರ ಸೀಟುಗಳು ನನ್ನ ಎದುರಿಗೆ ಎರಡು, ನಡುದಾರಿಯ ಆಚೆ ಎರಡು. ಬ್ಯಾಗುಗಳನ್ನು ಮೇಲೆ ಇಡುವ ಮುನ್ನವೇ ಆತ ನನ್ನ ಕಡೆ ತಿರುಗಿ, "ಮೇಡಂ, ನೀವು ಒಬ್ಬರೇ ತಾನೇ? ಆ ಕಡೆ ಹೋಗಿ ಕುಳಿತುಕೊಳ್ಳಿ, ನಾವು ಫ್ಯಾಮಿಲಿ" ಎಂದರು. ಅದರಲ್ಲಿ ಕೇಳುವ ಧ್ವನಿಯೇ ಇರಲಿಲ್ಲ. ನಾನು ಏಳುತ್ತೇನೆ ಎಂಬ ಖಾತ್ರಿಯಲ್ಲಿ ಒಂದು ಕೈ ಆಗಲೇ ನನ್ನ ಸೀಟಿನ ಬೆನ್ನಿಗೆ ಬಂದಿತ್ತು.

ಒಬ್ಬರೇ ತಾನೇ. ಈ ಎರಡು ಪದಗಳನ್ನು ನಾನು ಎಷ್ಟು ಕಡೆ ಕೇಳಿದ್ದೇನೆ! ಹೋಟೆಲಿನಲ್ಲಿ ಕೈ ತೊಳೆಯುವ ಬೇಸಿನ್ ಪಕ್ಕದ ಮೇಜು ತೋರಿಸುವಾಗ. ಬಸ್ಸಿನಲ್ಲಿ ಚಕ್ರದ ಮೇಲಿನ ಸೀಟಿಗೆ ಕಳಿಸುವಾಗ. ಮದುವೆ ಮನೆಯಲ್ಲಿ ಮಲಗಲು ಜಾಗ ಹಂಚುವಾಗ. ಒಬ್ಬರೇ ಇರುವವರು ಎಲ್ಲಿ ಬೇಕಾದರೂ ಹಿಡಿಸುತ್ತಾರೆ, ಎಲ್ಲಿಗೆ ಬೇಕಾದರೂ ಸರಿಯುತ್ತಾರೆ ಎಂದು ಜನ ತೀರ್ಮಾನಿಸಿ ಆಗಿದೆ. ನಾಲ್ಕು ಜನ ಸೇರಿ ಬಂದರೆ ಅವರದು ಪ್ರವಾಸ. ಒಬ್ಬರು ಬಂದರೆ ಅದು ಬರಿ ಓಡಾಟ, ಕಿಟಕಿ ಇದ್ದರೇನು ಬಿಟ್ಟರೇನು!

ನಾನು ಏಳಲಿಲ್ಲ. "ಇದು ನನ್ನ ಸೀಟು. ಘಾಟಿ ನೋಡುವುದಕ್ಕೆಂದೇ ಬಂದಿದ್ದೇನೆ, ಬಿಟ್ಟುಕೊಡುವುದಿಲ್ಲ" ಎಂದೆ. ಹೇಳುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ಆತ ಹೆಂಡತಿಯ ಕಡೆ ತಿರುಗಿ, "ಈಗಿನ ಕಾಲದಲ್ಲಿ ಯಾರಿಗೂ ಹೊಂದಾಣಿಕೆಯೇ ಇಲ್ಲ" ಎಂದು ಇಡೀ ಬೋಗಿಗೆ ಕೇಳುವಂತೆ ಹೇಳಿ, ಎದುರಿನ ಸೀಟಿನಲ್ಲಿ ಕುಳಿತರು.

ಹೊಂದಾಣಿಕೆಯ ಮಾತು ಬಂದಿದ್ದರಿಂದ ಹೇಳುತ್ತೇನೆ. ಹೋದ ವರ್ಷ ಇದೇ ದಾರಿಯಲ್ಲಿ, ಇದೇ ಮಾತು ಕೇಳಿ ನಾನು ಎದ್ದಿದ್ದೆ. ಒಬ್ಬ ಯುವಕ, ಜೊತೆಗೆ ಮೂವರು ಗೆಳೆಯರು. "ನಾವು ಗ್ರೂಪ್ ಇದ್ದೇವೆ ಆಂಟಿ, ನೀವು ಒಬ್ಬರೇ ತಾನೇ" ಎಂದ. ನಾಲಿಗೆಯ ತುದಿಗೆ ಬಂದ ಇಲ್ಲವನ್ನು ನುಂಗಿಕೊಂಡು ಬಾಗಿಲ ಪಕ್ಕದ ಸೀಟಿಗೆ ಹೋದೆ. ದೋಣಿಗಲ್ ದಾಟುತ್ತಿದ್ದಂತೆ ಮಳೆಯ ಎರಚಲು ಒಳಗೆ ಬಂತು. ಅವನು ಷಟರ್ ಎಳೆದು, ಅದಕ್ಕೇ ತಲೆ ಆನಿಸಿ ನಿದ್ದೆ ಹೋದ. ಸುಬ್ರಹ್ಮಣ್ಯ ರೋಡ್ ಬರುವವರೆಗೂ ಎಚ್ಚರವಾಗಲಿಲ್ಲ. ನಾನು ಇಡೀ ಘಾಟಿಯನ್ನು ಆ ತಗಡಿನ ಷಟರ್‌ನಲ್ಲಿ ನೋಡಿಕೊಂಡು ಬಂದೆ. ಅವತ್ತು ಅಕ್ಕನ ಮನೆಗೆ ಬಂದು ಅತ್ತಿದ್ದೆ. ಒಂದು ಸೀಟಿಗಾಗಿ ಅಳುತ್ತಾರೆಯೇ ಎಂದು ಭಾವ ಕೇಳಿದರು. ಹೌದು, ಅಳುತ್ತಾರೆ.

ಅದು ಏನು ಎಂದು ತಿಳಿಯಬೇಕಾದರೆ ಆ ದಾರಿಯನ್ನು ಒಮ್ಮೆ ನೋಡಬೇಕು. ಸುಮಾರು 55 ಕಿಲೋಮೀಟರ್ ಘಾಟಿ. 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಪ್ರತಿ 50 ಮೀಟರಿಗೆ ಒಂದು ಮೀಟರ್ ಇಳಿಯುವ ಹಳಿ. ಸಕಲೇಶಪುರದಲ್ಲಿ ಬ್ರೇಕ್ ಪರೀಕ್ಷೆಯಾಗದೆ ರೈಲು ಕೆಳಗೆ ಹೊರಡುವುದಿಲ್ಲ. ಹೊರಟ ಮೇಲೂ ಅವಸರವೆಂಬುದಿಲ್ಲ, ಗಂಟೆಗೆ 30 ಕಿಲೋಮೀಟರ್ ದಾಟದ ನಡಿಗೆ. ಆ ನಿಧಾನವೇ ನನಗೆ ಪ್ರಾಣ. ಬೇರೆ ರೈಲಿನಲ್ಲಿ ಮರಗಳು ಹಿಂದಕ್ಕೆ ಓಡಿಹೋಗುತ್ತವೆ. ಇಲ್ಲಿ ಒಂದೊಂದು ಮರವೂ ಹತ್ತಿರ ಬಂದು, ತನ್ನ ಮೈಮೇಲಿನ ಪಾಚಿ, ಜರೀಗಿಡ, ಸೀತಾಳೆದಂಡೆ ಎಲ್ಲವನ್ನೂ ತೋರಿಸಿ ಆಮೇಲೆ ಸರಿಯುತ್ತದೆ.

ಇವತ್ತು ಕಿಟಕಿಯ ಸರಳನ್ನೇ ಎಷ್ಟೋ ಹೊತ್ತು ನೋಡಿದೆ. ಮಳೆ ನಿಂತು ಐದು ನಿಮಿಷವಾಗಿತ್ತು. ಅಡ್ಡ ಸರಳಿನ ಕೆಳಗೆ ಹನಿಗಳು ಮಣಿ ಪೋಣಿಸಿದಂತೆ ಸಾಲಾಗಿ ನಿಂತಿದ್ದವು. ರೈಲು ಎಡಕ್ಕೆ ತಿರುಗಿ ಬೋಗಿ ಸ್ವಲ್ಪ ವಾಲಿದಾಗ ಸಾಲಿಗೆ ಸಾಲೇ ಒಂದು ಕಡೆಗೆ ಜರುಗಿತು. ಮೊದಲ ಹನಿ ಎರಡನೆಯದನ್ನು ಸೇರಿತು, ಎರಡೂ ಸೇರಿ ಮೂರನೆಯದನ್ನು ಮುಟ್ಟಿದವು, ಕೊನೆಗೆ ದಪ್ಪನಾದ ಒಂದೇ ಹನಿ ನನ್ನ ಮಣಿಕಟ್ಟಿನ ಮೇಲೆ ಬಿತ್ತು. ಅಷ್ಟರಲ್ಲಿ ಸುರಂಗ. ಕತ್ತಲೆಯೊಳಗೆ ಗೋಡೆಯ ಗೂಡಿನಲ್ಲಿ ಕಿತ್ತಳೆ ಬಣ್ಣದ ಕೋಟು ತೊಟ್ಟ ಗ್ಯಾಂಗ್‌ಮನ್ ಒಬ್ಬರು ಬೆನ್ನನ್ನು ಬಂಡೆಗೆ ಒತ್ತಿ, ಟಾರ್ಚ್ ಕೆಳಗೆ ಹಿಡಿದು ನಿಂತಿದ್ದರು. ಬೋಗಿಯ ಬೆಳಕಿನಲ್ಲಿ ಅವರ ಮುಖ ಒಂದು ಕ್ಷಣ ಕಂಡು ಮಾಯವಾಯಿತು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿಯ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ ಎಷ್ಟೋ ದಿನ ರೈಲು ನಿಂತಿತ್ತಲ್ಲ, ಅವತ್ತು ಸುರಿಯುವ ಮಳೆಯಲ್ಲಿ ಕಲ್ಲು ಹೊತ್ತವರು ಇಂಥವರೇ. ನಾವು ಬಿಸ್ಕತ್ತಿನ ಪೊಟ್ಟಣ ಬಿಚ್ಚುತ್ತಾ ದಾಟಿಹೋಗುವ ಜಾಗವನ್ನು ಅವರು ರಾತ್ರಿಯೆಲ್ಲ ನಡೆದು ಕಾಯುತ್ತಾರೆ. ಕಿಟಕಿಯ ಕಡೆ ಮುಖ ಇಟ್ಟು ಕುಳಿತವರಿಗೆ ಮಾತ್ರ ಅವರು ಕಾಣುತ್ತಾರೆ.

ಸುರಂಗ ಮುಗಿದು ಸೇತುವೆ ಬಂತು. ಕೆಳಗೆ ಎಷ್ಟು ಆಳವೆಂದು ಕಣ್ಣು ಅಳೆಯುವ ಹೊತ್ತಿಗೆ ಮಂಜು ಮುಚ್ಚಿಕೊಂಡಿತು. ಮಂಜಿನ ಒಳಗಿನಿಂದ ನೀರು ಬೀಳುವ ಸದ್ದು ಮಾತ್ರ ಬರುತ್ತಿತ್ತು.

ಇಂಥ ಹೊತ್ತಿನಲ್ಲಿ ಪಕ್ಕದಲ್ಲಿ ನಮ್ಮವರು ಯಾರೂ ಇರಬಾರದು. ಈ ಮಾತು ಬರೆಯಲು ನನಗೆ ಸಂಕೋಚವಿದೆ, ಆದರೂ ಬರೆಯುತ್ತೇನೆ. ನನ್ನವರ ಮೇಲೆ ನನಗೆ ಪ್ರೀತಿ ಇಲ್ಲವೆಂದಲ್ಲ. ಜೊತೆಯಲ್ಲಿ ಒಬ್ಬರಿದ್ದರೂ ಸಾಕು, ನನ್ನ ಅರ್ಧ ಮನಸ್ಸು ಅವರ ಬಳಿ ಇರುತ್ತದೆ. ಅವರಿಗೆ ಚಳಿಯಾಯಿತೇ, ಬೇಸರವಾಯಿತೇ, ಹಸಿವಾಯಿತೇ? ಅವರು "ನೋಡು ನೋಡು" ಎಂದಾಗ ನೋಡಬೇಕು, ನೋಡಿ ಏನಾದರೂ ಹೇಳಬೇಕು. ಒಬ್ಬಳೇ ಇರುವಾಗ ಹನಿಯೊಂದು ಜರುಗುವುದನ್ನು ಹತ್ತು ನಿಮಿಷ ನೋಡಬಹುದು. ಯಾರಿಗೂ ಉತ್ತರ ಕೊಡಬೇಕಾಗಿಲ್ಲ.

ನಿಮ್ಮಲ್ಲಿ ಹಲವರಿಗೆ ಗೊತ್ತಿರುವಂತೆ ಈ ಹಳಿ ನನಗೆ ಹೊಸದಲ್ಲ. 1979ರಲ್ಲಿ ಮೀಟರ್ ಗೇಜ್ ಆಗಿ ತೆರೆದ ದಾರಿ, ಹಳಿ ಬದಲಿಸಲೆಂದು 1996ರಲ್ಲಿ ಮುಚ್ಚಿ, ಪ್ರಯಾಣಿಕರಿಗೆ ಮತ್ತೆ ತೆರೆದದ್ದು 2007ರ ಡಿಸೆಂಬರ್‌ನಲ್ಲಿ. ಹಗಲು ರೈಲು ಬಂದ ಮೇಲೆ ಮಕ್ಕಳನ್ನು ಕಟ್ಟಿಕೊಂಡು ರಜೆ ಬಂದಾಗೆಲ್ಲ ಅಕ್ಕನ ಮನೆಗೆ ಬಂದಿದ್ದೇನೆ. ಎಷ್ಟು ಸಲ ಬಂದರೂ ಘಾಟಿ ಹೇಗಿದೆಯೆಂದು ನನಗೆ ಗೊತ್ತಿರಲಿಲ್ಲ. ಕಿಟಕಿ ಮಕ್ಕಳಿಗೆ, ಎದುರಿನ ಕಿಟಕಿ ಅವರಪ್ಪನಿಗೆ. ನಾನು ನಡುದಾರಿಯ ತುದಿಯಲ್ಲಿ, ಮಡಿಲಲ್ಲಿ ಬುತ್ತಿ, ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದರಲ್ಲಿ ವಾಂತಿಗೆಂದು ಇಟ್ಟುಕೊಂಡ ಪ್ಲಾಸ್ಟಿಕ್ ಚೀಲ. ಚಿಕ್ಕವನಿಗೆ ಸುರಂಗದ ಕತ್ತಲೆಯೆಂದರೆ ಭಯ. ಸುರಂಗ ಬಂದಾಗಲೆಲ್ಲ ಅವನ ಮುಖವನ್ನು ಎದೆಗೆ ಒತ್ತಿಕೊಳ್ಳುತ್ತಿದ್ದೆ, ಬೆಳಕು ಬಂದ ಮೇಲೆ ಬಿಡುತ್ತಿದ್ದೆ. 57 ಸುರಂಗ, 57 ಸಲ. ಎರಡು ಸುರಂಗಗಳ ನಡುವೆ ಹೊರಗೆ ಏನಿದೆಯೆಂದು ತಲೆ ಎತ್ತಿ ನೋಡಿದವಳಲ್ಲ.

ಮೂರು ವರ್ಷದ ಹಿಂದೆ ಅಕ್ಕನಿಗೆ ಹುಷಾರಿಲ್ಲವೆಂದು ಒಬ್ಬಳೇ ಹೊರಟಾಗ ಮೊದಲ ಸಲ ಕಿಟಕಿ ಪಕ್ಕ ಕುಳಿತೆ. ಕಡಗರವಳ್ಳಿ ದಾಟಿದ ಮೇಲೆ ಎದುರು ಗುಡ್ಡದಿಂದ ಒಂದು ಬಿಳಿ ಗೆರೆ ಇಳಿಯುತ್ತಿತ್ತು. ಅದು ಜಲಪಾತವೆಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಇಷ್ಟು ವರ್ಷವೂ ಅದು ಅಲ್ಲೇ ಬೀಳುತ್ತಿತ್ತು, ನಾನು ಅದಕ್ಕೆ ಬೆನ್ನು ಹಾಕಿ ಚಪಾತಿ ಸುತ್ತಿಕೊಡುತ್ತಿದ್ದೆ.

ಈಗ ಹೇಳಿ, ಆ ಸೀಟನ್ನು "ಒಬ್ಬರೇ ತಾನೇ" ಎಂಬ ಎರಡು ಪದಕ್ಕೆ ಬಿಟ್ಟುಕೊಡಬೇಕಿತ್ತೇ?

ಮಕ್ಕಳಿಗೆ ಆಸೆ ಇರುತ್ತದೆ, ದೊಡ್ಡವರಾದ ನೀವು ಬಿಟ್ಟುಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಕೆಲವರು ಕೇಳುತ್ತೀರಿ. ಅಕ್ಕನೂ ಊಟಕ್ಕೆ ಕುಳಿತಾಗ ಅದನ್ನೇ ಕೇಳಿದಳು. ಮಕ್ಕಳನ್ನು ನಾನೇ ಕರೆದೆ. ಚಿಕ್ಕ ಹುಡುಗಿ ನನ್ನ ಮಂಡಿಗೂ ಕಿಟಕಿಗೂ ನಡುವೆ ನಿಂತು ಸುರಂಗದ ಬಾಯಿಯ ಪಕ್ಕದಲ್ಲಿ ಬರೆದ ಸಂಖ್ಯೆಗಳನ್ನು ಗಟ್ಟಿಯಾಗಿ ಓದುತ್ತಾ ಬಂದಳು. ಸೀಟು ಬೇಕಾಗಿದ್ದದ್ದು ಅವರಪ್ಪನಿಗೆ. ಸಕಲೇಶಪುರ ದಾಟಿದ ಮೇಲೂ ಆತ ಮೊಬೈಲಿನಿಂದ ಮುಖ ಎತ್ತಲಿಲ್ಲ. ವಯಸ್ಸಾದವರು, ಬಸುರಿ ಹೆಂಗಸು, ಕಾಯಿಲೆಯವರು ಬಂದರೆ ಅವರು ಕೇಳುವ ಮೊದಲೇ ನಾನು ಏಳುತ್ತೇನೆ. ಅದು ಅವರ ಅಗತ್ಯ. ನಾಲ್ಕು ಜನರಿದ್ದೇವೆ ಎಂಬುದು ಅಗತ್ಯವಲ್ಲ.

ವಿಸ್ಟಾಡೋಮ್ ಬೋಗಿಯಲ್ಲಿ ಹೋಗಬಹುದಿತ್ತಲ್ಲ ಎಂದು ಭಾವ ಹೇಳಿದರು. 2021ರಿಂದ ಈ ದಾರಿಯಲ್ಲಿ ಗಾಜಿನ ಚಾವಣಿಯ ಆ ಬೋಗಿ ಇದೆ, ನಿಜ. ಗಾಜು ನನಗೆ ಬೇಡ. ಒದ್ದೆ ಮಣ್ಣಿನ ವಾಸನೆ, ಸುರಂಗದ ತಣ್ಣನೆ ಗಾಳಿ, ಬ್ರೇಕಿನ ಸುಟ್ಟ ವಾಸನೆ ಮೂರೂ ಮುಖಕ್ಕೇ ಬಂದು ಬಡಿಯಬೇಕು.

ಎಡಕುಮೇರಿಯಲ್ಲಿ ರೈಲು ನಿಂತಿತು. ಕಾಡಿನ ನಡುವಿನ ನಿಲ್ದಾಣ. ಇಳಿಯುವವರಿಲ್ಲ, ಹತ್ತುವವರಿಲ್ಲ. ಇಂಜಿನ್ನಿನ ಸದ್ದು ದೂರದಲ್ಲಿ, ಜೀರುಂಡೆಯ ಸದ್ದು ಹತ್ತಿರದಲ್ಲಿ. ಆ ಗಂಡಸು ಮೊಬೈಲ್ ಎದೆಯ ಮೇಲಿಟ್ಟುಕೊಂಡು ತೂಕಡಿಸುತ್ತಿದ್ದರು. ಅವರ ಹೆಂಡತಿ ಅಲ್ಲಿಯವರೆಗೂ ಆಚೆ ಬದಿಯ ಸೀಟಿನಲ್ಲಿ ಕಣಿವೆಗೆ ಬೆನ್ನು ಮಾಡಿ ಕುಳಿತು, ಡಬ್ಬಿ ತೆರೆಯುವುದು, ಬಾಯಿ ಒರೆಸುವುದು, ಬ್ಯಾಗು ಎಣಿಸುವುದು, ಇದನ್ನೇ ಮಾಡುತ್ತಿದ್ದರು. ನಾನು ಕಣ್ಣಂಚಿನಲ್ಲಿ ನೋಡುತ್ತಲೇ ಇದ್ದೆ, ನೋಡದಿರಲು ಆಗುತ್ತಿರಲಿಲ್ಲ. ಆಕೆ ಮೆಲ್ಲಗೆ ಎದ್ದು ಮಗಳ ಹಿಂದೆ ಬಂದು ನಿಂತರು. ನಾನು ಕಾಲು ಒಳಗೆಳೆದುಕೊಂಡು ಜಾಗ ಮಾಡಿದೆ. ಸೆರಗಿಗೆ ಕೈ ಒರೆಸಿಕೊಂಡು, ಬಗ್ಗಿ, ಸರಳು ಹಿಡಿದು ಹೊರಗೆ ನೋಡಿದರು.

"ಅಕ್ಕ, ನೀವು ಒಬ್ಬರೇ ಬಂದಿದ್ದೀರಾ?"

"ಹೌದು."

"ಮನೆಯಲ್ಲಿ ಏನೂ ಅನ್ನುವುದಿಲ್ಲವೇ?"

"ಮೊದಲ ವರ್ಷ ಅಂದರು."

ಆಕೆ ಸುಮ್ಮನಾದರು. ರೈಲು ಹೊರಟಿತು. ಮಗ ಆ ಕಡೆಯಿಂದ ಅಮ್ಮ, ನೀರು ಎಂದು ಕೂಗಿದ. ಬಂದೆ ಎಂದರು, ಹೋಗಲಿಲ್ಲ. ಮುಂದಿನ ಸುರಂಗ ಹತ್ತಿರ ಬಂದಾಗ ನನ್ನ ಕಡೆ ಬಗ್ಗಿ ಏನೋ ಕೇಳಿದರು. ಸದ್ದಿನಲ್ಲಿ ಕೇಳಿಸಲಿಲ್ಲ. ಕತ್ತಲೆಯಲ್ಲಿ ಮತ್ತೊಮ್ಮೆ, ಕಿವಿಯ ಹತ್ತಿರ ಬಂದು ಕೇಳಿದರು. "ಕಿಟಕಿ ಸೀಟು ಬೇಕಾದರೆ ಎಷ್ಟು ದಿನ ಮುಂಚೆ ಬುಕ್ ಮಾಡಬೇಕು ಅಕ್ಕ?"

"60 ದಿನ" ಎಂದು ನಾನೂ ಅವರ ಕಿವಿಯಲ್ಲೇ ಗಟ್ಟಿಯಾಗಿ ಹೇಳಿದೆ. "ಬೆಳಿಗ್ಗೆ ಎಂಟಕ್ಕೆ ಸರಿಯಾಗಿ."